ಒಂದು ಬಾಟಲಿಗೆ ಒಂದು ಗ್ರಾಂ

ಹೋದ ತಿಂಗಳು ಒಬ್ಬ ಹುಡುಗಿ ಬಂಗಾರಪೇಟೆಯ ನಮ್ಮ ಮನೆಗೆ ಬಂದಿದ್ದಳು. ಎಂಡಿ ಮುಗಿಸಿ ಬ್ಲಡ್ ಬ್ಯಾಂಕಿಗೆ ಹೊಸದಾಗಿ ಸೇರಿರುವ ಡಾಕ್ಟರು. ಅದೇ ಕೆಲಸದಲ್ಲಿ ಕೂದಲು ಹಣ್ಣಾಗಿಸಿಕೊಂಡವಳನ್ನು ಒಂದು ಸಲ ಮಾತಾಡಿಸಿಕೊಂಡು ಬಾ ಎಂದು ಯಾರೋ ಹೇಳಿದ್ದರಂತೆ. "ಈ ಕೆಲಸ ಆರಾಮಂತಲ್ಲ ಮೇಡಂ? ರೋಗಿಗಳ ತಲೆನೋವು ಇರಲ್ಲ, ಕೇಳಿದಷ್ಟು ರಕ್ತ ಕಳಿಸಿದರೆ ಮುಗೀತು ಅಂತಾರೆ" ಎಂದಳು. ಕಾಫಿ ಕೊಟ್ಟೆ, ಒಳ್ಳೆಯದಾಗಲಿ ಎಂದು ಹೇಳಿ ಕಳಿಸಿದೆ. ಅವಳ ಆಟೋ ತಿರುವು ದಾಟಿದ ಮೇಲೆ ನನಗೆ ಸಿಟ್ಟು ಬಂತು. ಪಾಪ, ಸಿಟ್ಟು ಅವಳ ಮೇಲಲ್ಲ. ರೋಗಿಯ ಮುಖ ನೋಡದೆ ರಕ್ತ ಕೊಡಬಹುದು ಎಂದು ಅವಳಿಗೆ ಕಲಿಸಿದವರ ಮೇಲೆ. ಆವತ್ತು ಹೇಳಬೇಕಾಗಿದ್ದನ್ನು ಈಗ ಬರೆಯುತ್ತಿದ್ದೇನೆ.

ನಾನು ಚಿತ್ರದುರ್ಗದ ಕಡೆಯವಳು. ಗಂಡನಿಗೆ ಬಂಗಾರಪೇಟೆ ಜಂಕ್ಷನ್ನಿನಲ್ಲಿ ರೈಲ್ವೆ ಕೆಲಸ. ನಾನು ದಿನಾ ಬೆಳಿಗ್ಗೆ ಮಾರಿಕುಪ್ಪಂ ರೈಲು ಹಿಡಿದು ಕೆಜಿಎಫ್‌ಗೆ ಹೋಗಿ, ಅಲ್ಲಿನ ಒಂದು ಆಸ್ಪತ್ರೆಯ ಬ್ಲಡ್ ಬ್ಯಾಂಕ್ ನೋಡಿಕೊಳ್ಳುತ್ತಿದ್ದೆ. ಆಸ್ಪತ್ರೆಯ ಹೆಸರು ಹಾಕುವುದಿಲ್ಲ. ಹಾಕಿದರೆ ಇದೆಲ್ಲ ಅದೊಂದೇ ಆಸ್ಪತ್ರೆಯಲ್ಲಿ ನಡೆಯುತ್ತದೆ ಎಂದು ನೀವು ನೆಮ್ಮದಿಯಾಗಿ ನಿದ್ದೆ ಮಾಡುತ್ತೀರಿ.

ಕೆಲಸಕ್ಕೆ ಸೇರಿದ ದಿನ ನನ್ನ ಕಿವಿಗೆ ಬಿದ್ದ ಮೊದಲ ಮಂತ್ರ 'ಒಂದು ಬಾಟಲಿಗೆ ಒಂದು ಗ್ರಾಂ'. ಒಂದು ಬಾಟಲಿ ರಕ್ತ ಕೊಟ್ಟರೆ ರೋಗಿಯ ಹಿಮೋಗ್ಲೋಬಿನ್ ಒಂದು ಗ್ರಾಂ ಏರುತ್ತದೆ ಎಂದು ಅರ್ಥ. ಬಾಟಲಿ ಹೋಗಿ ಪ್ಲಾಸ್ಟಿಕ್ ಚೀಲ ಬಂದು ಎಷ್ಟೋ ಕಾಲವಾದರೂ ಮಾತು ಮಾತ್ರ ಹಾಗೇ ಉಳಿದಿತ್ತು. ಇದು ಪೂರ್ತಿ ಸುಳ್ಳೇನಲ್ಲ. ಮಧ್ಯಮ ಮೈಕಟ್ಟಿನ, ಬೇರೆಲ್ಲೂ ರಕ್ತ ಸೋರದ, ಜ್ವರ ಇಲ್ಲದ ಒಬ್ಬ ಮನುಷ್ಯನಿಗೆ ಸುಮಾರಾಗಿ ಹೊಂದುವ ಲೆಕ್ಕ. ಆದರೆ ನಮ್ಮ ವಾರ್ಡುಗಳಲ್ಲಿ ಆ ಮನುಷ್ಯ ಎಲ್ಲಿದ್ದ? ಮಲಗಿದ್ದವರು ಮೂಳೆ ಚಕ್ಕಳವಾದ ಮುದುಕಿಯರು, ಗುಲ್ಮ ಊದಿಕೊಂಡ ಮಕ್ಕಳು, ಹೆರಿಗೆಯಲ್ಲಿ ರಕ್ತ ಸುರಿಸಿಕೊಂಡು ಬಂದ ಕೂಲಿ ಹೆಂಗಸರು. ರಕ್ತ ಕೊಟ್ಟವರೂ ಒಂದೇ ಥರ ಇರುವುದಿಲ್ಲ. ಕಾರ್ಖಾನೆಯ ಕಟ್ಟುಮಸ್ತಾದ ಕೆಲಸಗಾರನ ರಕ್ತದಲ್ಲಿರುವ ಕೆಂಪುಕಣ ಕಾಲೇಜಿನ ಸಣಕಲು ಹುಡುಗನ ರಕ್ತದಲ್ಲಿ ಇರುವುದಿಲ್ಲ. ಮೊನ್ನೆ ತೆಗೆದ ರಕ್ತ ಒಂದು ತರಹ, ತಿಂಗಳು ಫ್ರಿಜ್ಜಿನಲ್ಲಿದ್ದದ್ದು ಇನ್ನೊಂದು ತರಹ. ಇದೆಲ್ಲ ಪುಸ್ತಕದಲ್ಲೇ ಇದೆ, ನಾನು ಕಂಡುಹಿಡಿದದ್ದಲ್ಲ. ನಮ್ಮ ಮುಖ್ಯ ವೈದ್ಯರಿಗೂ ಚೆನ್ನಾಗಿ ಗೊತ್ತಿತ್ತು. ಪರೀಕ್ಷೆಗೆ ಓದುವಾಗ ಗೊತ್ತಿದ್ದದ್ದು ವಾರ್ಡಿಗೆ ಬಂದಾಗ ಬೇಡವಾಗುತ್ತಿತ್ತು, ಅಷ್ಟೆ.

ಆ ಮಂತ್ರ ಕೊಂದದ್ದು ಕನಕಮ್ಮನನ್ನು. ಮೈಸೂರು ಮೈನ್ಸ್ ಕಡೆಯ ಸಾಲುಮನೆಯ ಹೆಂಗಸು, ಗಂಡ ಗಣಿಯಲ್ಲಿದ್ದವನು, ತೀರಿಹೋಗಿದ್ದ. ಮೂಲವ್ಯಾಧಿಯಿಂದ ವರ್ಷಗಟ್ಟಲೆ ರಕ್ತ ಹೋಗಿ ಹೋಗಿ ಹಿಮೋಗ್ಲೋಬಿನ್ ನಾಲ್ಕಕ್ಕೆ ಇಳಿದಿತ್ತು. ಆದರೂ ನಡೆದುಕೊಂಡೇ ಬಂದಿದ್ದಳು. ತೂಕ ಶಾಲೆಗೆ ಹೋಗುವ ಹುಡುಗಿಯಷ್ಟು. ಮುಖ್ಯ ವೈದ್ಯರು ನಿಂತ ಮೆಟ್ಟಿಗೆ ಲೆಕ್ಕ ಹಾಕಿದರು. ಎಂಟಕ್ಕೆ ಏರಬೇಕು, ಆದ್ದರಿಂದ ನಾಲ್ಕು ಬಾಟಲಿ, ಇವತ್ತೇ ಎರಡು ಹೋಗಲಿ, ಹಾಸಿಗೆ ಬೇಗ ಖಾಲಿಯಾಗಬೇಕು.

ನಾನು ವಾರ್ಡಿಗೇ ಹೋಗಿ ಹೇಳಿದೆ. "ಸಾರ್, ಈಕೆ ಚಿಕ್ಕ ಮೈಯವಳು. ಒಂದೇ ಬ್ಯಾಗಿಗೆ ಇವಳಿಗೆ ಎರಡರ ಹತ್ತಿರ ಏರುತ್ತೆ. ಅದನ್ನೂ ನಿಧಾನಕ್ಕೆ, ನೀರು ಹೊರಗೆ ಹೋಗುವ ಔಷಧಿ ಜೊತೆಗೆ ಕೊಡಬೇಕು. ಹೃದಯ ಇಷ್ಟು ದಿನ ನೀರಿನಂಥ ರಕ್ತ ತಳ್ಳಿ ಸುಸ್ತಾಗಿದೆ."

ಅವರು ನಕ್ಕರು. "ರಕ್ತ ಕೊಡೋದು ನಿಮ್ಮ ಕೆಲಸ ಡಾಕ್ಟರೇ, ಲೆಕ್ಕ ನಮ್ಮದು."

ನಾನು ಒಂದೇ ಬ್ಯಾಗ್ ಕೊಟ್ಟೆ. ಮಧ್ಯಾಹ್ನ ಬಂಗಾರಪೇಟೆಯಲ್ಲಿ ರಕ್ತದಾನ ಶಿಬಿರವಿತ್ತು, ಅಲ್ಲಿಗೆ ಹೋಗಲೇಬೇಕಿತ್ತು. ನಾನು ಅತ್ತ ಹೋದ ಮೇಲೆ ಇತ್ತ ಎರಡನೆಯದನ್ನೂ ತರಿಸಿಕೊಂಡು ಬೇಗ ಬೇಗ ಬಿಟ್ಟರು. ಅರ್ಧ ಬ್ಯಾಗ್ ಹೋಗುವಷ್ಟರಲ್ಲಿ ಕನಕಮ್ಮನಿಗೆ ಮಲಗಲು ಆಗಲಿಲ್ಲ. ಎದ್ದು ಕೂತಳು, ಕೆಮ್ಮಿದಳು, ಬಾಯಲ್ಲಿ ನೊರೆ ಬಂತು. ಶ್ವಾಸಕೋಶದಲ್ಲಿ ನೀರು ತುಂಬಿ ಸಂಜೆಗೆ ಹೋಗಿಬಿಟ್ಟಳು. ನಾನು ವಾಪಸು ಬಂದಾಗ ಅವಳ ಮಗಳು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು. "ರಕ್ತ ಇಲ್ದೆ ಇದ್ದಾಗ ನಡ್ಕೊಂಡ್ ಬಂದ್ಳು ನಮ್ಮಮ್ಮ. ರಕ್ತ ಕೊಟ್ಮೇಲೆ ಎಂಗೆ ಸತ್ಳು, ಏಳಿ ಡಾಕ್ಟ್ರಮ್ಮ" ಎಂದು ಕೇಳಿದಳು. ಏನು ನಡೆಯಿತೆಂದು ನನಗೆ ತಿಳಿದಷ್ಟನ್ನು ಹೇಳಿದೆ. ಒಳಗೆ ಅವಳಿಗೆ ಬೇರೆ ಹೇಳಿದ್ದರು: ವಯಸ್ಸಾಗಿತ್ತು, ಹಾರ್ಟ್ ವೀಕ್ ಇತ್ತು. ಕೊಂದ ಕೈ ಯಾವುದು ಎಂದು ಕೇಳಿದರೆ ಸತ್ತವಳ ಹೃದಯವನ್ನೇ ತೋರಿಸುವ ಈ ಜಾಣತನ ನನಗೆ ಇವತ್ತಿಗೂ ಸಹಿಸಲು ಆಗುವುದಿಲ್ಲ.

ಆಮೇಲೆ ನಾನು ಒಂದು ಹಟ ಹಿಡಿದೆ. ರಕ್ತ ಕೊಡುವ ಮೊದಲು ಈ ರೋಗಿಗೆ ಎಷ್ಟು ಏರಬೇಕು ಎಂದು ಅವರವರ ಮೈತೂಕ ನೋಡಿ ಅಂದಾಜು ಮಾಡುವುದು. ಕೊಟ್ಟ ಮರುದಿನ ನಿಜವಾಗಿ ಎಷ್ಟು ಏರಿತು ಎಂದು ಪರೀಕ್ಷಿಸುವುದು. ಎರಡೂ ಹೊಂದದಿದ್ದರೆ ಯಾಕೆಂದು ಹುಡುಕುವುದು. ಕೇಳಿದರೆ ಇಷ್ಟೇ, ಅಡುಗೆಗೆ ಉಪ್ಪು ಹಾಕಿ ರುಚಿ ನೋಡುವಷ್ಟೇ ಸಹಜ. ಆದರೆ ಮರುದಿನದ ಪರೀಕ್ಷೆ ದಂಡ ಎಂದು ಮುಖ್ಯ ವೈದ್ಯರು ಬರೆದುಕೊಡಲು ಒಪ್ಪಲಿಲ್ಲ. ನಮ್ಮ ಟೆಕ್ನಿಷಿಯನ್ ಸೆಲ್ವಿ ಒಪ್ಪಿದಳು. ಊರಗಾಂ ಕಡೆಯ ತಮಿಳು ಹುಡುಗಿ. ಬೆಳಿಗ್ಗೆ ಬಂದವಳೇ ಒಂದು ಟ್ರೇ ಹಿಡಿದು ವಾರ್ಡಿಗೆ ಹೊರಡುತ್ತಿದ್ದಳು. "ಮೇಡಂ, ಅವರು ಬೈದರೆ ನೀವು ಬೈಸಿಕೊಳ್ಳಿ, ನಾನು ಸೂಜಿ ಚುಚ್ಚಿ ಬರ್ತೀನಿ" ಎಂದು ಕೆಲಸ ಹಂಚಿಕೊಂಡಿದ್ದಳು.

ಒಂದು ದಿನ ಸೆಲ್ವಿ ಬಂದು, ಗಾರೆ ಕೆಲಸದ ಒಬ್ಬನಿಗೆ ಒಂದು ಚೂರೂ ಏರಿಲ್ಲ ಎಂದಳು. ಎರಡನೆಯ ಸಲ ನೋಡಿದರೂ ಅಷ್ಟೇ. ಅಷ್ಟರಲ್ಲಿ ವಾರ್ಡಿನ ಡಾಕ್ಟರು 'ರೋಗಿ ರಕ್ತಕ್ಕೆ ಸ್ಪಂದಿಸುತ್ತಿಲ್ಲ' ಎಂದು ಬರೆದು, ಮೂಳೆಯ ಮಜ್ಜೆ ಪರೀಕ್ಷೆಗೆ ಬೆಂಗಳೂರಿಗೆ ಕಳಿಸುವ ಮಾತಾಡುತ್ತಿದ್ದರು. ಇಬ್ಬರೂ ಹೋಗಿ ಹುಡುಕಿದೆವು. ನಾವು ಕಳಿಸಿದ ರಕ್ತದ ಬ್ಯಾಗ್ ವಾರ್ಡಿನ ಫ್ರಿಜ್ಜಿನಲ್ಲಿ ಯಾರದೋ ಮೊಸರಿನ ಪ್ಯಾಕೆಟ್ಟಿನ ಪಕ್ಕ ತಣ್ಣಗೆ ಮಲಗಿತ್ತು. ಹಾಕಬೇಕಾದ ನರ್ಸಿನ ಪಾಳಿ ಮುಗಿದಿತ್ತು, ಬಂದವಳು ಹಾಕಿದ್ದಾರೆ ಎಂದುಕೊಂಡಿದ್ದಳು. ಒಳಗೆ ಹೋಗದ ರಕ್ತಕ್ಕೆ ಆ ಬಡಪಾಯಿ ಹೇಗೆ ಸ್ಪಂದಿಸಬೇಕಿತ್ತು? ಸೆಲ್ವಿ ಬಹಳ ನಕ್ಕಳು. ನನಗೆ ನಗು ಬರಲಿಲ್ಲ. ಏನೇ ಆದರೂ ಮೊದಲ ಅನುಮಾನ ರೋಗಿಯ ಮೈಮೇಲೆ, ನಮ್ಮ ಕೈಮೇಲೆ ಯಾವತ್ತೂ ಇಲ್ಲ.

ಈಗ ಅಶ್ವಿನಿಯ ವಿಷಯಕ್ಕೆ ಬರುತ್ತೇನೆ. ಬೂದಿಕೋಟೆ ಕಡೆಯ ಒಂದು ಹಳ್ಳಿಯ ಮಗು. ಹುಟ್ಟಿನಿಂದ ಥಲಸ್ಸೀಮಿಯಾ, ಅಂದರೆ ಮೈ ತಾನಾಗಿ ಸರಿಯಾದ ರಕ್ತ ಮಾಡಿಕೊಳ್ಳುವುದಿಲ್ಲ, ಜೀವನಪೂರ್ತಿ ಹೊರಗಿನಿಂದ ಕೊಡುತ್ತಲೇ ಇರಬೇಕು, ದಿನಾ ಮಾತ್ರೆಯನ್ನೂ ನುಂಗಿಸಬೇಕು. ತಾಯಿ ರತ್ನಮ್ಮ ಟೊಮೆಟೊ ಬಿಡಿಸುವ ಕೂಲಿಗೆ ಹೋಗುತ್ತಿದ್ದವಳು. ಕೂಲಿ ಬಿಟ್ಟು, ಎರಡು ಬಸ್ಸು ಬದಲಿಸಿ, ಮಗಳನ್ನು ತಪ್ಪದೆ ಕರೆತರುತ್ತಿದ್ದಳು. ಮಗುವಿಗೆ ಎಂಟೊಂಬತ್ತು ವರ್ಷವಾಗುವ ತನಕ ಎಲ್ಲ ಸರಿಯಾಗಿತ್ತು. ಆಮೇಲೆ ಕೊಟ್ಟ ರಕ್ತ ನಿಲ್ಲದಾಯಿತು. ಬರಬೇಕಾದ ದಿನಕ್ಕಿಂತ ಮುಂಚೆಯೇ ಮಗು ಬಿಳಿಚಿಕೊಂಡು ಬರುತ್ತಿತ್ತು.

ಮುಖ್ಯ ವೈದ್ಯರು ಇಡೀ ವಾರ್ಡಿಗೆ ಕೇಳುವಂತೆ ವಿಚಾರಿಸಿಕೊಂಡರು. ನಾನು ಅಲ್ಲೇ ನಿಂತಿದ್ದೆ.

"ಏನಮ್ಮ, ಮೊನ್ನೆ ತಾನೇ ರಕ್ತ ಹಾಕಿ ಕಳಿಸಿದ್ವಿ. ಮಗೂಗೆ ಏನು ತಿನ್ನಿಸ್ತೀಯ ನೀನು? ಮಾತ್ರೆ ಕೊಡ್ತೀಯೋ, ಬಿಸಾಕ್ತೀಯೋ?"

"ಕೊಡ್ತಿದೀನಿ ಸಾ. ರಕ್ತ ಆಕ್ಸ್ಕೊಂಡ್ ಓದಾಗ ನೆಟ್ಗೆ ಇರ್ತಾಳೆ. ಒಂದು ವಾರ ಆಗ್ತಿದ್ದಂಗೆ ಕಣ್ಣು ಅರಿಸ್ನ ಆಗೋಗ್ತೈತೆ. ಉಚ್ಚೆ ಕಾಫಿ ಡಿಕಾಕ್ಷನ್ ತರ ಬತ್ತೈತೆ."

"ಅದೆಲ್ಲ ನನಗೆ ಗೊತ್ತಿದೆ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು."

ಆ ತಾಯಿ ರೋಗದ ಮೂಲವನ್ನೇ ಎತ್ತಿ ಅವರ ಕೈಗೆ ಕೊಟ್ಟಿದ್ದಳು. ಕೊಟ್ಟ ಕೆಂಪುಕಣವನ್ನು ಮಗುವಿನ ಮೈ ಒಂದು ವಾರದೊಳಗೆ ಒಡೆದುಹಾಕುತ್ತಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕೆ? ಪದೇ ಪದೇ ಬೇರೆಯವರ ರಕ್ತ ಹಾಕಿಸಿಕೊಂಡವರಲ್ಲಿ ಕೆಲವರ ಮೈ, ಆ ರಕ್ತದಲ್ಲಿರುವ ಯಾವುದೋ ಗುರುತನ್ನು ಪರಕೀಯವೆಂದು ಹಿಡಿದು, ಅದರ ವಿರುದ್ಧ ಪ್ರತಿಕಾಯ, ಅಂದರೆ ಆ ಕಣಗಳನ್ನು ಒಡೆಸುವ ಆಂಟಿಬಾಡಿ, ಬೆಳೆಸಿಕೊಳ್ಳುತ್ತದೆ. ಎ, ಬಿ, ಓ ಗುಂಪು ಹೊಂದಿದ್ದರೂ ಈ ಒಳಗುರುತು ಹೊಂದದಿರಬಹುದು. ಅದನ್ನು ಹಿಡಿಯಲು ಕೂಂಬ್ಸ್ ಎಂಬ ಪರೀಕ್ಷೆ ಇದೆ. ಅದರ ದ್ರಾವಣ ತರಿಸಿಕೊಡಿ ಎಂದು ನಾನು ಕೇಳುತ್ತಲೇ ಇದ್ದೆ. ನಮ್ಮಲ್ಲಿ ಬರೀ ಉಪ್ಪುನೀರಿನಲ್ಲಿ ರೋಗಿಯ ರಕ್ತಕ್ಕೆ ಬ್ಯಾಗಿನ ರಕ್ತ ಬೆರೆಸಿ, ಕೆಂಪುಕಣ ಗುಂಪುಗಟ್ಟಲಿಲ್ಲ ಎಂದರೆ ಹೊಂದಿತು ಎಂದು ಕಳಿಸುವ ಪದ್ಧತಿ. ಸಣ್ಣ ಊರಿಗೆ ಅಷ್ಟೇ ಸಾಕು ಎನ್ನುವುದು ಮೇಲಿನವರ ಉತ್ತರ. ಸಣ್ಣ ಊರಿನವರಿಗೆ ಪ್ರತಿಕಾಯವೂ ಸಣ್ಣದಾಗಿರುತ್ತದೆಯೇನೋ.

ಮುಖ್ಯ ವೈದ್ಯರು ತೀರ್ಮಾನಿಸಿದ್ದು ಹೊಟ್ಟೆಯ ಎಡಗಡೆ ಹಳೆಯ ಕೆಂಪುಕಣ ಸೋಸುವ ಗುಲ್ಮದ ಮೇಲೆ. ಗುಲ್ಮ ಊದಿದೆ, ರಕ್ತ ತಿನ್ನುತ್ತಿದೆ, ತೆಗೆಸಿಬಿಡಿ. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಥಲಸ್ಸೀಮಿಯಾದಲ್ಲಿ ಗುಲ್ಮದಿಂದಲೂ ಹೀಗಾಗುತ್ತದೆ, ಇಲ್ಲವೆಂದಲ್ಲ. ಆದರೆ ಹುಡುಕದೆ ಹೇಳುವುದೆಂದರೇನು? ಒಂದು ಸಲ ತೆಗೆದ ಗುಲ್ಮವನ್ನು ಮತ್ತೆ ಇಡಲಾಗುವುದಿಲ್ಲ. ಅದಿಲ್ಲದ ಮಗುವಿಗೆ ಒಂದು ಸಾಧಾರಣ ಸೋಂಕೂ ಜೀವಕ್ಕೆ ಕುತ್ತಾಗಬಹುದು.

ಸೆಲ್ವಿ ಮತ್ತು ನಾನು ಆ ಸಲದ ರಕ್ತ ಹಾಕಿದ ಮರುದಿನ ನೋಡಿದೆವು. ನಮ್ಮ ಅಂದಾಜಿನಷ್ಟೇ ಏರಿತ್ತು. ವಾರ ಬಿಟ್ಟು ಮತ್ತೆ ಬಾ ಎಂದು ರತ್ನಮ್ಮನಿಗೆ ಹೇಳಿದೆ. ಬಂದಳು. ಏರಿದ್ದಷ್ಟೂ ಇಳಿದುಹೋಗಿತ್ತು, ಕಣ್ಣು ಹಳದಿ. ಕೊಟ್ಟದ್ದು ಒಳಗೆ ಹೋಗಿದೆ, ನಿಂತಿದೆ, ಆಮೇಲೆ ಯಾರೋ ಒಡೆದಿದ್ದಾರೆ. ನಾನು ಮುಖ್ಯ ವೈದ್ಯರ ಕೋಣೆಗೆ ಹೋಗಿ ಹೇಳಿದೆ. ಅವರು ಕೇಳಿಸಿಕೊಂಡು, "ಬೆಂಗಳೂರಿನವರು ನೋಡ್ಕೋತಾರೆ ಬಿಡಿ" ಎಂದರು. ಬೆಂಗಳೂರಿಗೆ ಅವರು ಬರೆದದ್ದರಲ್ಲಿ ಹಳದಿ ಕಣ್ಣಿನ ಸುದ್ದಿಯಿಲ್ಲ, ಉಚ್ಚೆಯ ಬಣ್ಣದ ಸುದ್ದಿಯಿಲ್ಲ. ತಾಯಿ ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎಂಬ ಒಂದು ಸಾಲು ಮಾತ್ರ ಇತ್ತು.

ಒಂದು ಬೆಳಿಗ್ಗೆ ನಾನು ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮಾರಿಕುಪ್ಪಂ ರೈಲಿಗೆ ಕಾಯುತ್ತಿದ್ದೆ. ಎದುರಿನ ಪ್ಲಾಟ್‌ಫಾರಂನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರ ನೂಕುನುಗ್ಗಲು. ಅದರ ನಡುವೆ ರತ್ನಮ್ಮ ಒಂದು ಬಟ್ಟೆಗಂಟಿನ ಮೇಲೆ ಮಗಳನ್ನು ಕೂರಿಸಿಕೊಂಡಿದ್ದಳು. ಮೇಲ್ಸೇತುವೆ ಹತ್ತಿ ಇಳಿದು ಹೋದೆ.

"ಎಲ್ಲಿಗೆ ರತ್ನಮ್ಮ?"

"ಆಪ್ರೇಷನ್‌ಗೆ ಮೇಡಂ. ಇವತ್ತು ಸೇರ್ಕೋಬೇಕಂತೆ, ನಾಳೆ ಮಾಡ್ತಾರಂತೆ. ಅವ್ರಪ್ಪ ಅಲ್ಲೇ ಬತ್ತಾನೆ." ಮಗಳನ್ನು ಗಂಟಿನ ಮೇಲೆ ಸರಿಯಾಗಿ ಕೂರಿಸಿ ಕೇಳಿದಳು. "ಮೇಡಂ, ಒಟ್ಟೆ ಕುಯ್ದ್ರೆ ಸರೋಗ್ತದಾ? ನಿಜ ಏಳಿ. ನಾನು ಮಾತ್ರೆ ತಪ್ಸಿಲ್ಲ. ಇವ್ಳ ತಲೆ ಮೇಲೆ ಕೈ ಇಟ್ಟು ಏಳ್ತೀನಿ."

"ನೀನು ತಪ್ಪಿಸಿಲ್ಲ ಅಂತ ನನಗೆ ಗೊತ್ತು" ಎಂದೆ. "ಕುಯ್ಯೋ ಮುಂಚೆ ಒಂದು ಪರೀಕ್ಷೆ ಆಗಬೇಕು. ಅದನ್ನ ಯಾರೂ ಮಾಡಿಲ್ಲ."

"ನಾನ್ ಏಳಿದ್ರೆ ಅಲ್ಲಿ ಯಾರ್ ಕೇಳ್ತಾರೆ ಮೇಡಂ?"

ಸರಿಯಾದ ಮಾತು. ಅವಳು ಹೇಳಿದ್ದನ್ನು ಇಲ್ಲೇ ಯಾರೂ ಕೇಳಿರಲಿಲ್ಲ. ಬೆಂಗಳೂರಿನ ರೈಲು ಬಂತು. ನಾನೂ ಹತ್ತಿದೆ. ರಜೆ ಕೇಳಿರಲಿಲ್ಲ, ಮನೆಗೂ ಹೇಳಿರಲಿಲ್ಲ. ವೈಟ್‌ಫೀಲ್ಡ್ ತನಕ ಕೂರಲು ಜಾಗ ಸಿಗಲಿಲ್ಲ. ಅಶ್ವಿನಿ ನನ್ನ ಸೆರಗು ಹಿಡಿದುಕೊಂಡು ನಿಂತೇ ತೂಕಡಿಸುತ್ತಿದ್ದಳು.

ದೊಡ್ಡ ಆಸ್ಪತ್ರೆಯ ಶಸ್ತ್ರವೈದ್ಯರು ಒಳ್ಳೆಯವರು. ಬಾಗಿಲಲ್ಲಿ ನಿಂತೇ ನನ್ನ ಮಾತು ಕೇಳಿದರು, ಮಗುವಿನ ಕಣ್ಣು ನೋಡಿದರು, ರತ್ನಮ್ಮನನ್ನು ಎಲ್ಲ ಮೊದಲಿಂದ ಹೇಳು ಎಂದರು. ಅವಳು ಹೇಳಿದಳು. ಯಾರೂ ನಡುವೆ ಬಾಯಿ ಹಾಕಲಿಲ್ಲ. "ಇದ್ಯಾಕೆ ನನಗೆ ಬರೆದಿಲ್ಲ?" ಎಂದು ಅವರು ನನ್ನನ್ನು ಕೇಳಿದರು. ಅಲ್ಲಿನ ಬ್ಲಡ್ ಬ್ಯಾಂಕಿನಲ್ಲಿ ನನ್ನ ಸಹಪಾಠಿಯೊಬ್ಬಳಿದ್ದಳು. ಮಗುವಿನ ರಕ್ತ ಅವಳ ಕೈಗೆ ಹೋಯಿತು. ಸಂಜೆಗೆ ಮುನ್ನವೇ ಅವಳು ಹೊರಗೆ ಬಂದು ಹೇಳಿದಳು. ಒಂದಲ್ಲ, ಎರಡು ಪ್ರತಿಕಾಯ. ದೊಡ್ಡ ಇ ಎಂಬ ಗುರುತಿಗೊಂದು, ಚಿಕ್ಕ ಸಿ ಎಂಬ ಗುರುತಿಗೊಂದು. ನಾವು ಕೊಟ್ಟ ರಕ್ತವನ್ನೆಲ್ಲ ಮಗುವಿನ ಮೈ ಒಡೆಯುತ್ತಿದ್ದದ್ದು ಇದರಿಂದ. ಆಪರೇಷನ್ ರದ್ದಾಯಿತು.

ರತ್ನಮ್ಮನಿಗೆ ಬಿಡಿಸಿ ಹೇಳಿದೆ. "ಅಂಗಾರೆ ನನ್ದೇನೂ ತಪ್ಪಿಲ್ಲ" ಎಂದಳು. ಇಲ್ಲ ಎಂದೆ. ಇನ್ನೊಂದು ಸಲ ಹೇಳಿ ಎಂದಳು. ಇನ್ನೊಂದು ಸಲ ಹೇಳಿದೆ. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಮರುದಿನ ಕೆಲಸಕ್ಕೆ ಹೋದಾಗ ನನ್ನ ಮೇಜಿನ ಮೇಲೆ ಮೆಮೊ ಕಾಯುತ್ತಿತ್ತು. ಅನುಮತಿಯಿಲ್ಲದೆ ಗೈರುಹಾಜರಿ. ಮುಖ್ಯ ವೈದ್ಯರು ಕರೆಸಿದರು. "ಬೆಂಗಳೂರಿನವರ ಮುಂದೆ ನಮ್ಮ ಆಸ್ಪತ್ರೆಯ ಮಾನ ಕಳೆದಿರಿ" ಎಂದರು.

"ಮೆಮೊಗೆ ಉತ್ತರ ಬರೆದುಕೊಡ್ತೀನಿ ಸಾರ್. ನೀವು ಒಂದು ಕೆಲಸ ಮಾಡಿ. ಆ ಹೆಂಗಸಿಗೆ ವಾರ್ಡಿನಲ್ಲಿ ಎಲ್ಲರೆದುರು ಬೈದಿರಿ. ತಪ್ಪು ನಿನ್ನದಲ್ಲ ಅಂತ ಎಲ್ಲರೆದುರೇ ಒಂದು ಮಾತು ಹೇಳಿ."

"ಹಾಗೆಲ್ಲ ಹೇಳ್ತಾ ಹೋದರೆ ನಾಳೆ ಒಬ್ಬೊಬ್ಬರೂ ಕೇಸು ಹಾಕ್ತಾರೆ" ಎಂದರು. ಹೇಳಲಿಲ್ಲ. ನಿವೃತ್ತರಾಗುವ ತನಕವೂ ಹೇಳಲಿಲ್ಲ.

ನನ್ನ ಸಿಟ್ಟು ನೆತ್ತಿಗೇರಿದ್ದು ಅದರ ನಂತರ. ಸಹಪಾಠಿ ಆ ಎರಡು ಗುರುತು ಪತ್ತೆಹಚ್ಚುವ ದ್ರಾವಣದ ಪುಟ್ಟ ಸೀಸೆಗಳನ್ನು ಕೊಟ್ಟು ಕಳಿಸಿದ್ದಳು. ಅಶ್ವಿನಿಗೆ ಹೊಂದುವ ರಕ್ತಕ್ಕಾಗಿ ದೇಶವೆಲ್ಲ ಅಲೆಯಬೇಕೇನೋ ಎಂಬ ಭಯದಲ್ಲಿ ನಾನೂ ಸೆಲ್ವಿಯೂ ನಮ್ಮ ಫ್ರಿಜ್ಜಿನಲ್ಲಿದ್ದ ಅವಳ ಗುಂಪಿನ ಬ್ಯಾಗುಗಳನ್ನು ಒಂದೊಂದಾಗಿ ನೋಡತೊಡಗಿದೆವು. ಸೆಲ್ವಿ ಕೈ ನಿಲ್ಲಿಸಿ, "ಮೇಡಂ, ಇದು ಆಗುತ್ತೆ" ಎಂದಳು. ಸ್ವಲ್ಪ ಹೊತ್ತಿಗೆ, "ಇದೂ ಆಗುತ್ತೆ" ಎಂದಳು. ಫ್ರಿಜ್ಜಿನ ಅದೇ ಟ್ರೇಯಲ್ಲಿದ್ದ, ಕಾರ್ಖಾನೆಯ ರಕ್ತದಾನ ಶಿಬಿರದಲ್ಲಿ ನಾವೇ ತೆಗೆದ ರಕ್ತ. ಆ ಎರಡೂ ಗುರುತಿಲ್ಲದವರು ನಮ್ಮ ಜನರಲ್ಲಿ ಬೇಕಾದಷ್ಟು ಇದ್ದಾರೆ. ಅಂದರೆ ಇಷ್ಟು ದಿನ ಸರಿಯಾದ ರಕ್ತ ಕೈಯಳತೆಯಲ್ಲೇ ಇತ್ತು. ಅದನ್ನು ಬಿಟ್ಟು ಪಕ್ಕದ್ದನ್ನು ಎತ್ತಿ ಕೊಟ್ಟು, ಮಗುವಿನ ಹೊಟ್ಟೆ ಕುಯ್ಯಲು ಹೊರಟಿದ್ದೆವು. ಕೂಂಬ್ಸ್ ದ್ರಾವಣ ನಮಗೆ ಬಂದದ್ದು ಪರವಾನಗಿ ನೋಡಲು ಬಂದ ಅಧಿಕಾರಿಗಳು ಎಲ್ಲಿ ಎಂದು ಕೇಳಿದ ಮೇಲೆ. ಅಶ್ವಿನಿಯ ಕಣ್ಣು ಹಳದಿಯಾದದ್ದಕ್ಕೆ ಬರಲಿಲ್ಲ.

ಕಾಲ ಬದಲಾಯಿತು. ನನ್ನ ಕೊನೆಯ ವರ್ಷಗಳಲ್ಲಿ ಹುಬ್ಬಳ್ಳಿಯ ನವೀನ್ ಎಂಬ ತರುಣ ಡಾಕ್ಟರು ಬಂದರು. ಅವರ ಕಂಪ್ಯೂಟರಿನಲ್ಲಿ ರೋಗಿಯ ತೂಕ, ಗಂಡೋ ಹೆಣ್ಣೋ, ರಕ್ತ ಕೊಟ್ಟವರ ಹಿಮೋಗ್ಲೋಬಿನ್, ಬ್ಯಾಗ್ ಎಷ್ಟು ಹಳೆಯದು ಎಂದೆಲ್ಲ ತುಂಬಿದರೆ ಈ ರೋಗಿಗೆ ಇಷ್ಟು ಏರಬಹುದು ಎಂದು ಹೇಳುವ ವ್ಯವಸ್ಥೆ ಇತ್ತು. ನಾನು ಕೈಲೆಕ್ಕದಲ್ಲಿ ಒದ್ದಾಡಿದ್ದನ್ನು ಅದು ಕ್ಷಣದಲ್ಲಿ ಮಾಡುತ್ತಿತ್ತು. ನನಗೆ ಬಹಳ ಸಂತೋಷವಾಯಿತು. ಕನಕಮ್ಮನಂಥವಳಿಗೆ ಇನ್ನು ಯಾರೂ ಕಣ್ಣುಮುಚ್ಚಿ ಎರಡು ಬ್ಯಾಗ್ ಬಿಡುವುದಿಲ್ಲ ಎಂದುಕೊಂಡೆ.

ಮುಂದೆ ಆದದ್ದು ಕೇಳಿ. ಆಡಳಿತದವರು ಒಂದು ಸಭೆ ಕರೆದು, ಎಷ್ಟು ಏರುತ್ತದೆಂದು ಕಂಪ್ಯೂಟರೇ ಹೇಳುವಾಗ ಮರುದಿನದ ಪರೀಕ್ಷೆ ಯಾಕೆ, ನಿಲ್ಲಿಸಿ ಎಂದರು. ನಾನು ಬಾಯಿ ತೆರೆಯುವ ಮೊದಲೇ ನವೀನ್ ಎದ್ದು ನಿಂತರು. ಮೆತ್ತಗಿನ ಹುಡುಗ, ಅವತ್ತು ಬಿಡಲಿಲ್ಲ. "ಸಾರ್, ಇದು ಹೇಳೋದು ಎಷ್ಟು ಏರಬೇಕಿತ್ತು ಅಂತ. ಎಷ್ಟು ಏರಿತು ಅಂತ ಇದಕ್ಕೆ ಗೊತ್ತಿಲ್ಲ. ಎರಡೂ ಪಕ್ಕಪಕ್ಕ ಇಟ್ಟು ನೋಡಲಿಕ್ಕೇ ನಾನು ಇದನ್ನ ತಂದಿದ್ದು. ಪರೀಕ್ಷೆ ನಿಲ್ಲಿಸೋದಾದರೆ ಇದನ್ನೂ ತೆಗೆದುಬಿಡ್ತೀನಿ." ಅವತ್ತು ಯಾರೂ ಒಪ್ಪಲಿಲ್ಲ. ಆಮೇಲೆ ಕೆಲವು ದಿನ ಎರಡು ಕಡೆಯೂ ಜಗ್ಗಾಡಿ, ಪದೇ ಪದೇ ರಕ್ತ ಪಡೆಯುವವರಿಗೆ ಮಾತ್ರ ಪರೀಕ್ಷೆ ಮುಂದುವರಿಯಲಿ ಎಂದಾಯಿತು. ಉಳಿದವರಿಗೆ ನಿಂತಿತು. ಈಗಲೂ ನಿಂತೇ ಇದೆ. ಹೊಸದಾಗಿ ಸೇರುವವರೇ, ಮೊದಲು ಜಗಳ ಇದಕ್ಕೇ ಆಡಿ.

ನಿವೃತ್ತಿಯ ನಂತರ ಬಾಕಿ ಕಾಗದಪತ್ರದ ಕೆಲಸಕ್ಕೆ ಒಂದು ದಿನ ಆಸ್ಪತ್ರೆಗೆ ಹೋಗಿದ್ದೆ. ಹಾಗೇ ವಾರ್ಡಿಗೂ ಹೋದೆ. ಅಶ್ವಿನಿ ಹಾಸಿಗೆಯ ಮೇಲೆ ಕೂತಿದ್ದಳು. ಈಗ ಅವಳು ರಾಬರ್ಟ್‌ಸನ್‌ಪೇಟೆಯಲ್ಲಿ ಕಾಲೇಜಿಗೆ ಹೋಗುತ್ತಾಳೆ, ಬಿಕಾಂ. ರತ್ನಮ್ಮ ಪಕ್ಕದ ಸ್ಟೂಲಿನ ಮೇಲಿದ್ದಳು. ನಾವು ಮಾತಾಡುತ್ತಿದ್ದಾಗ ಹೊಸ ಡ್ಯೂಟಿ ಡಾಕ್ಟರು ಬಂದರು. ನನ್ನನ್ನು ಅವರಿಗೆ ಗೊತ್ತಿರಲಿಲ್ಲ. ಕಳೆದ ಸಲದ ಹಿಮೋಗ್ಲೋಬಿನ್ ಪಕ್ಕ ಇವತ್ತಿನದನ್ನು ಇಟ್ಟು ನೋಡಿ ಹುಬ್ಬು ಗಂಟಿಕ್ಕಿದರು.

"ಈ ಸಲ ಕಡಿಮೆ ನಿಂತಿದೆಯಲ್ಲ. ಮಾತ್ರೆ ತಪ್ಪಿಸಿದ್ದೀಯಾ?"

ಏನೋ ಹೇಳಲು ಹೊರಟೆ. ಅಶ್ವಿನಿ ನನಗಿಂತ ಮೊದಲು ಮಾತಾಡಿದಳು.

"ತಪ್ಸಿಲ್ಲ ಸಾರ್. ಹೊಸ ಪ್ರತಿಕಾಯ ಏನಾದ್ರೂ ಬಂದಿರ್ಬೋದು. ರಕ್ತ ಹಾಕೋ ಮುಂಚೆ ಪರೀಕ್ಷೆ ಮಾಡ್ಸಿ."

ಡಾಕ್ಟರು ಅವಳನ್ನು ನೋಡಿದರು, ಆಮೇಲೆ ತಾಯಿಯನ್ನು ನೋಡಿದರು. ರತ್ನಮ್ಮ ಸ್ಟೂಲಿನಿಂದ ಏಳಲಿಲ್ಲ.

"ಮಾಡ್ಸಿ ಸಾ" ಎಂದಳು. "ಅದಾಗೋವರ್ಗೂ ಇವ್ಳಿಗೆ ರಕ್ತ ಆಕೋಕೆ ನಾನ್ ಬಿಡಲ್ಲ."